ಜಾಲಂದರದಾಚೆಯ ಬೆಳಕು: ಐದು ಹಲಗೆಗಳ ಒಂದು ಮರದಚ್ಚಿನ ಕೆಲಸದ ದಾಖಲೆ

ಹನ್ನೊಂದನೆಯ ಹಾಳೆಯನ್ನು ಹಲಗೆಯಿಂದ ಎತ್ತಿದಾಗ ಅದರೊಂದಿಗೆ ಮರದ ಚೂರೊಂದೂ ಎದ್ದು ಬಂದಿತು. ಕಿಟಕಿಯ ಜಾಲಂದರದಲ್ಲಿ ಮುರಿದುಹೋಗಿದ್ದ ಅಡ್ಡಸರಳಿನ ಜಾಗಕ್ಕೆ ನಾನೇ ಕೂರಿಸಿದ್ದ ಬೆಣೆ ಅದು. ಒದ್ದೆಯಾಗಿ ಉಬ್ಬಿತ್ತು, ಅದರ ಅಡಿಯಲ್ಲಿದ್ದ ಅಂಟು ಬಿಳಿಯ ಲೋಳೆಯಾಗಿತ್ತು. ನೀರಿನ ಬಣ್ಣದ ಮರದಚ್ಚಿನಲ್ಲಿ ಹಲಗೆ ದಿನವಿಡೀ ತೇವವಾಗಿಯೇ ಇರುತ್ತದೆ ಎಂದು ಕಲಿಯಬಂದವರಿಗೆಲ್ಲ ಹೇಳುತ್ತ ಬಂದವಳು ನಾನು, ನನ್ನದೇ ಹಲಗೆಯ ದುರಸ್ತಿಗೆ ನೀರು ತಾಗಿದರೆ ಸಡಿಲುವ ಅಂಟನ್ನು ಹಚ್ಚಿದವಳೂ ನಾನೇ. ಈ ಅಚ್ಚಿನ ಕೆಲಸಕ್ಕೆ ಒಟ್ಟು ಆರು ವಾರ ಹಿಡಿಯಿತು. ಅದರಲ್ಲಿ ಕೆತ್ತನೆಗೆ ಹೋದ ದಿನಗಳಿಗಿಂತ ತಪ್ಪುಗಳನ್ನು ತಿದ್ದುವುದಕ್ಕೆ ಹೋದ ದಿನಗಳೇ ಹೆಚ್ಚಾದ್ದರಿಂದ, ಕೆಲಸದ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ಕಾತ್ಸುಶಿಕಾ ಓಯಿ ಬರೆದ ಒಂದು ಚಿತ್ರ. ಓಯಿ ಜಪಾನಿನ ಪ್ರಸಿದ್ಧ ಚಿತ್ರಕಾರ ಹೊಕುಸಾಯ್‌ನ (1760–1849) ಮಗಳು. ಚಿತ್ರಕಾರನೊಬ್ಬನನ್ನು ಮದುವೆಯಾಗಿ, ಆ ಮದುವೆ ಮುರಿದ ಮೇಲೆ ತಂದೆಯ ಬಳಿಗೆ ಮರಳಿ, ಆತನ ಕೊನೆಯ ದಿನಗಳವರೆಗೂ ಜೊತೆಯಲ್ಲಿ ಕುಳಿತು ಕೆಲಸ ಮಾಡಿದವಳು. ಹೆಣ್ಣಿನ ಚಿತ್ರ ಬರೆಯುವುದರಲ್ಲಿ ಮಗಳ ಕೈ ತನ್ನದಕ್ಕಿಂತ ಮೇಲು ಎಂದು ಹೊಕುಸಾಯ್ ಹೇಳುತ್ತಿದ್ದನೆಂಬ ಮಾತು ಉಳಿದುಬಂದಿದೆ. ಆದರೆ ಆಕೆಯ ಹೆಸರಿನಲ್ಲಿ ಇಂದು ನಮಗೆ ಸಿಗುವ ಚಿತ್ರಗಳು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ಟೋಕಿಯೊದ ಓತಾ ಸ್ಮಾರಕ ಕಲಾ ಸಂಗ್ರಹಾಲಯದಲ್ಲಿರುವ, ಎದೋ ನಗರದ (ಇಂದಿನ ಟೋಕಿಯೊ) ವೇಶ್ಯೆಯರ ಕೇರಿಯಾದ ಯೋಶಿವಾರಾದ ಬೀದಿಯ ಇರುಳಿನ ನೋಟ. ಸುಮಾರು 26 ಸೆಂ.ಮೀ. ಎತ್ತರ, 39 ಸೆಂ.ಮೀ. ಅಗಲದ ಆ ಕಾಗದದ ಮೇಲೆ, ಜಾಲಂದರದ ಒಳಗೆ ದೀಪದ ಬೆಳಕಿನಲ್ಲಿ ಅಲಂಕರಿಸಿಕೊಂಡು ಕುಳಿತ ಹೆಣ್ಣುಗಳು, ಹೊರಗೆ ಕತ್ತಲಲ್ಲಿ ನಿಂತು ಅವರನ್ನು ನೋಡುತ್ತಿರುವ ಜನ. ಹೊರಗಿನವರು ಬಹುಮಟ್ಟಿಗೆ ಬರೀ ಆಕಾರಗಳು. ಒಳಗಿನವರ ಮೈಮುಖಗಳನ್ನು ಜಾಲಂದರದ ಸರಳುಗಳು ಸೀಳಿವೆ. ಚಿತ್ರದಲ್ಲಿರುವ ಮೂರು ಲಾಟೀನುಗಳ ಮೇಲೆ ಓಯಿ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಅಡಗಿಸಿಟ್ಟಿದ್ದಾಳೆ.

ನಾನು ಇದನ್ನು ಮುದ್ರಿತ ಪ್ರತಿಯಲ್ಲಿ ಮಾತ್ರ ನೋಡಿದ್ದೇನೆ. ಕೆಲಸದ ಮೇಜಿನ ಎದುರಿನ ಗೋಡೆಯಲ್ಲಿ ಎಷ್ಟೋ ವರ್ಷಗಳಿಂದ ಅದು ಇದೆ. ಅಲ್ಲಿದ್ದೂ ನನ್ನ ಕೆಲಸಕ್ಕೆ ಅದರಿಂದ ಏನೂ ಇಳಿದಿರಲಿಲ್ಲ, ಏಕೆಂದರೆ ನನ್ನ ಅಚ್ಚುಗಳಲ್ಲಿ ಇಷ್ಟು ವರ್ಷ ಕತ್ತಲೆಂದರೆ ಕೆತ್ತದೆ ಬಿಟ್ಟ ಮರ, ಬೆಳಕೆಂದರೆ ಕೆತ್ತಿ ತೆಗೆದ ಮರ, ಅಷ್ಟೇ. ಕಪ್ಪು-ಬಿಳುಪಿನ ಆ ಲೆಕ್ಕದಲ್ಲಿ ದೀಪದ ಬೆಳಕಿಗೆ ಜಾಗವಿಲ್ಲ. ಓಯಿಯ ಚಿತ್ರ ಕುಂಚದ ಕೆಲಸ, ಅಚ್ಚಿನದಲ್ಲ; ಅದನ್ನು ಅಚ್ಚಿಗೆ ಇಳಿಸುವ ಹುಚ್ಚಿಗೂ ನಾನು ಕೈಹಾಕಲಿಲ್ಲ. ಬೇಕಾಗಿದ್ದದ್ದು ಒಂದೇ: ಒಳಗೆ ದೀಪ, ನಡುವೆ ಸರಳು, ಹೊರಗೆ ನೆಲದ ಮೇಲೆ ಬಿದ್ದ ಬೆಳಕು. ನನ್ನ ಚಿತ್ರದಲ್ಲಿ ಒಂದು ಕಿಟಕಿ, ಬೆನ್ನು ತಿರುಗಿಸಿ ನಿಂತ ಒಬ್ಬಳು ಹೆಂಗಸು, ಗೋಡೆಗೆ ತೂಗಿದ ಒಂದು ಲಾಟೀನು, ಮುಂದೆ ಖಾಲಿ ಅಂಗಳ.

ಚಿತ್ರದ ಅಳತೆ 24 × 16 ಸೆಂ.ಮೀ. ಹಲಗೆಗಳು 30 × 22 ಸೆಂ.ಮೀ., 9 ಮಿ.ಮೀ. ದಪ್ಪದ, ಮೆದು ಮರದ ಮೇಲ್ಪದರಿರುವ ಪ್ಲೈವುಡ್. ಹಳೆಯ ಜಪಾನಿ ಕೆಲಸಗಾರರು ಬಳಸುತ್ತಿದ್ದ ಕಾಡು ಚೆರ್ರಿಯ ಹಲಗೆ ಗಟ್ಟಿ. ಕೂದಲೆಳೆಯ ಗೆರೆಯನ್ನೂ ಸಾವಿರಾರು ಪ್ರತಿಗಳವರೆಗೆ ಹಿಡಿದಿಡುತ್ತದೆ. ನನಗೆ ಬೇಕಾಗಿದ್ದದ್ದು 24 ಪ್ರತಿಗಳು, ಅತಿ ತೆಳು ಗೆರೆಯೂ 2 ಮಿ.ಮೀ. ಅಗಲದ್ದು, ಹೀಗಾಗಿ ಪ್ಲೈವುಡ್ ಸಾಕೆಂದುಕೊಂಡೆ. ಈ ಲೆಕ್ಕಾಚಾರ ಮುಕ್ಕಾಲು ಪಾಲು ಸರಿಯಾಗಿತ್ತು.

ಮೊದಲ ವಾರ ಹೋದದ್ದು ಗೆರೆಯ ಹಲಗೆಗೆ, ಅಂದರೆ ಚಿತ್ರದ ಗೆರೆಗಳನ್ನಷ್ಟೇ ಒತ್ತುವ ಹಲಗೆಗೆ. ತೆಳು ಕಾಗದದ ಮೇಲೆ ಬರೆದ ಚಿತ್ರವನ್ನು ಮುಖ ಕೆಳಗಾಗಿ ಹಲಗೆಗೆ ಅಂಟಿಸಿ, ಒಣಗಿದ ಮೇಲೆ ಬೆರಳ ತುದಿಯಿಂದ ಕಾಗದದ ಬೆನ್ನಿನ ನಾರನ್ನು ಉಜ್ಜಿ ತೆಗೆದರೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಗೆರೆಯ ಎರಡೂ ಬದಿಗೆ ಚಾಕುವಿನಿಂದ ಹೊರಕ್ಕೆ ಇಳಿಜಾರಾಗಿ ಕೊರೆದು, ಗೆರೆಗಳ ನಡುವಿನ ಮರವನ್ನು ಗುಂಡುಬಾಯಿಯ ಉಳಿಯಿಂದ ತೆಗೆಯಬೇಕು. ಇದರ ಜೊತೆಗೇ ಹಾಳೆಯನ್ನು ಕೂರಿಸುವ ಗುರುತುಗಳನ್ನೂ ಕೆತ್ತಿದೆ: ಬಲಗಡೆಯ ಕೆಳಮೂಲೆಯಲ್ಲಿ ಹಾಳೆಯ ಮೂಲೆ ಕೂರುವ ‘ಕಗಿ’, ಅದೇ ಅಂಚಿನಲ್ಲಿ ಎಡಕ್ಕೆ ಹಾಳೆಯ ಉದ್ದದ ಮೂರನೇ ಎರಡು ಭಾಗ ಹೋದ ಮೇಲೆ ಹಾಳೆಯ ಅಂಚು ತಾಗುವ ‘ಹಿಕಿತ್ಸುಕೆ’. ಎರಡಕ್ಕೂ ಸೇರಿ ‘ಕೆಂತೊ’ ಎಂದು ಹೆಸರು. ಒಂದು ಮಿ.ಮೀ. ಆಳದ ಈ ಎರಡು ಕಚ್ಚುಗಳ ಮೇಲೆಯೇ ಐದು ಹಲಗೆಗಳ ಹೊಂದಾಣಿಕೆ ನಿಂತಿರುತ್ತದೆ. ಗೆರೆಯ ಹಲಗೆ ಮುಗಿದ ಮೇಲೆ, ಗುರುತುಗಳೂ ಮೂಡುವಂತೆ ತೆಳು ಕಾಗದದ ಮೇಲೆ ನಾಲ್ಕು ಅಚ್ಚು ತೆಗೆದು, ಉಳಿದ ನಾಲ್ಕು ಹಲಗೆಗಳಿಗೆ ಅವನ್ನು ಅಂಟಿಸಿ, ಒಂದೊಂದರಲ್ಲೂ ಒಂದೊಂದು ಬಣ್ಣದ ಭಾಗವನ್ನಷ್ಟೇ ಉಳಿಸಿ ಕೆತ್ತಿದೆ. ತಿಳಿಹಳದಿಯ ಹಲಗೆ, ಕಿಟಕಿಯೊಳಗಿನ ಕಂದು ಹಲಗೆ, ರಾತ್ರಿಯ ಕಡುಬಣ್ಣದ ಹಲಗೆ ಇವುಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಹೇಳಬೇಕಾದದ್ದು ನೆಲದ ಹಲಗೆಯ ಬಗ್ಗೆ. ಮೊದಲ ಸಲ ಅದನ್ನು ನಾನು ಗೆರೆಯ ಹಲಗೆಯಂತೆಯೇ ಕೆತ್ತಿದೆ. ಸರಳುಗಳ ನೆರಳನ್ನು ಪಟ್ಟಿಗಳಾಗಿ ಉಳಿಸಿ, ನಡುವಿನ ಬೆಳಕನ್ನು ಕೆತ್ತಿ ತೆಗೆದೆ. ಪರೀಕ್ಷೆಯ ಅಚ್ಚು ತೆಗೆದು ನೋಡಿದರೆ ಅಂಗಳಕ್ಕೆ ಯಾರೋ ಪಟ್ಟೆ ಜಮಖಾನೆ ಹಾಸಿದಂತಿತ್ತು. ಹಳದಿ ಇತ್ತು, ಕಪ್ಪು ಇತ್ತು, ಬೆಳಕು ಮಾತ್ರ ಇರಲಿಲ್ಲ.

ಮರುದಿನ ಸಂಜೆ ಒಂದು ರಟ್ಟಿನಲ್ಲಿ ಉದ್ದುದ್ದ ಸೀಳುಗಳನ್ನು ಕತ್ತರಿಸಿ ಜಾಲಂದರ ಮಾಡಿಕೊಂಡು, ಅದರ ಹಿಂದೆ ಅಂಗೈಯಷ್ಟು ದೊಡ್ಡ ಬುರುಡೆಯ ದೀಪವಿಟ್ಟು, ಮೇಜಿನ ಮೇಲೆ ಬಿಳಿ ಹಾಳೆ ಹಾಸಿದೆ. ರಟ್ಟಿನ ಬುಡದಲ್ಲಿ ನೆರಳಿನ ಅಂಚು ಚಾಕುವಿನಿಂದ ಕತ್ತರಿಸಿದಷ್ಟು ಖಚಿತವಾಗಿತ್ತು. ಒಂದು ಗೇಣು ದೂರದಲ್ಲಿ ಅಂಚಿಗೆ ತೆಳುವಾದ ಬೂದು ಸೆರಗು ಹುಟ್ಟಿಕೊಂಡಿತ್ತು. ಮೂರು ಗೇಣು ದೂರದಲ್ಲಿ ನೆರಳುಗಳು ಒಂದರೊಳಗೊಂದು ಕರಗಿ, ಎಲ್ಲಿ ಸರಳು ಎಲ್ಲಿ ಸೀಳು ಎಂದು ಹೇಳಲಾಗುತ್ತಿರಲಿಲ್ಲ. ಕಾರಣ ಸರಳವಾದದ್ದೇ. ದೀಪ ಒಂದು ಚುಕ್ಕೆಯಲ್ಲ, ಅದಕ್ಕೆ ಅಗಲವಿದೆ. ಸರಳಿನಿಂದ ದೂರ ಹೋದಂತೆ ದೀಪದ ಅರ್ಧ ಭಾಗ ಕಾಣುವ, ಕಾಲು ಭಾಗ ಕಾಣುವ ಜಾಗಗಳು ಹಿಗ್ಗುತ್ತ ಹೋಗುತ್ತವೆ. ಆ ಹಿಗ್ಗಿದ ಜಾಗವೇ ಅರೆನೆರಳು. ಕಿಟಕಿಯ ಸರಳು ಮತ್ತು ನೆಲದ ಮೇಲಿನ ಅದರ ನೆರಳು ಎರಡನ್ನೂ ನಾನು ಒಂದೇ ಕೈಚಳಕದಲ್ಲಿ ಕೆತ್ತಿದ್ದೇ ತಪ್ಪಾಗಿತ್ತು. ಸರಳು ಎಷ್ಟು ಮೊನಚಾಗಿರಬೇಕೋ ಅದರ ನೆರಳು ಅಷ್ಟೇ ಮೊನಚು ಕಳೆದುಕೊಳ್ಳಬೇಕು. ಆ ಎರಡರ ನಡುವಿನ ವ್ಯತ್ಯಾಸವನ್ನೇ ಕಣ್ಣು ದೀಪವೆಂದು ಓದುತ್ತದೆ. ಇದು ತಿಳಿದ ಮೇಲೆ ಗೋಡೆಯ ಮೇಲಿನ ಓಯಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. ನಾನು ಅದನ್ನು ಇಷ್ಟು ವರ್ಷ ಕತ್ತಲ ಚಿತ್ರವೆಂದು ನೋಡಿದ್ದೆ. ಅಂಚುಗಳ ಚಿತ್ರವೆಂದು ನೋಡಿರಲಿಲ್ಲ.

ಮರದಲ್ಲಿ ಮೃದುವಾದ ಅಂಚನ್ನು ತರುವ ಉಪಾಯ ಹಳೆಯದೇ. ಬಣ್ಣ ಹಚ್ಚುವಾಗ ಕುಂಚದ ಒಂದೇ ಮೂಲೆಗೆ ಬಣ್ಣ ತಾಗಿಸಿ, ಹಲಗೆಯ ಒದ್ದೆ ಭಾಗದ ಕಡೆಗೆ ಎಳೆದು ಛಾಯೆ ತರುವ ‘ಬೊಕಾಶಿ’ ಹೆಚ್ಚು ಪರಿಚಿತವಾದ ದಾರಿ. ಆದರೆ ಹನ್ನೆರಡು ಪಟ್ಟಿಗಳ ಇಪ್ಪತ್ತನಾಲ್ಕು ಅಂಚುಗಳಿಗೆ ಪ್ರತಿ ಹಾಳೆಯಲ್ಲೂ ಅದನ್ನು ಮಾಡುವುದು ಸಾಧ್ಯವಿರಲಿಲ್ಲ. ಇನ್ನೊಂದು ದಾರಿಯಲ್ಲಿ ಛಾಯೆಯನ್ನು ಹಲಗೆಯಲ್ಲಿಯೇ ಕೆತ್ತಲಾಗುತ್ತದೆ: ಉಳಿಸಿದ ಮರದ ಅಂಚನ್ನು ಗೋಡೆಯಂತೆ ನೇರವಾಗಿ ಬಿಡದೆ, ದಡದಂತೆ ನಿಧಾನವಾಗಿ ಇಳಿಸಬೇಕು. ಕಾಗದವನ್ನು ಉಜ್ಜಿದಾಗ ಮೇಲ್ಭಾಗದಿಂದ ಪೂರ್ಣ ಬಣ್ಣ, ಇಳಿಜಾರಿನಿಂದ ಕ್ರಮೇಣ ಕಡಿಮೆ ಬಣ್ಣ ಹಾಳೆಗೆ ಬರುತ್ತದೆ.

ನೆಲದ ಹಲಗೆಯನ್ನು ಹೊಸದಾಗಿ ಕೆತ್ತಿದೆ. ಗೋಡೆಯ ಬುಡದಲ್ಲಿ ಪಟ್ಟಿಗಳ ಅಂಚನ್ನು ನೇರವಾಗಿಯೇ ಬಿಟ್ಟು, ಕೆಳಕ್ಕೆ ಬಂದಂತೆ ಇಳಿಜಾರನ್ನು 1 ಮಿ.ಮೀ.ನಿಂದ 5 ಮಿ.ಮೀ.ವರೆಗೆ ಅಗಲ ಮಾಡುತ್ತ ಹೋದೆ. ಚಪ್ಪಟೆ ಉಳಿಯನ್ನು ಮರಕ್ಕೆ ಬಹುತೇಕ ಮಲಗಿಸಿ ಹಿಡಿದು, ಕಾಗದದಷ್ಟು ತೆಳ್ಳಗೆ ಸಿಪ್ಪೆ ತೆಗೆಯಬೇಕು. ಉಳಿ ಒಂದಿಷ್ಟು ಮೊಂಡಾದರೂ ಮರ ಕಿತ್ತು ಬರುತ್ತದೆ, ಹಾಗಾಗಿ ಕೆತ್ತಿದಷ್ಟೇ ಹೊತ್ತು ಸಾಣೆಕಲ್ಲಿನ ಮುಂದೆಯೂ ಕುಳಿತಿದ್ದೆ. ಆಮೇಲೆ 400ರ ಮರಳುಕಾಗದವನ್ನು ಕಡ್ಡಿಗೆ ಸುತ್ತಿ ಇಳಿಜಾರನ್ನು ನುಣುಪು ಮಾಡಿದೆ. ಒಂದು ಸೂಕ್ಷ್ಮವಿದೆ. ಇಳಿಜಾರು ಒಟ್ಟು ಅರ್ಧ ಮಿ.ಮೀ.ಗಿಂತ ಆಳಕ್ಕೆ ಇಳಿದರೆ ಕಾಗದ ಅಲ್ಲಿಗೆ ಮುಟ್ಟುವುದೇ ಇಲ್ಲ, ಅಂಚು ಮತ್ತೆ ಮೊನಚಾಗುತ್ತದೆ. ಮೂರು ಪಟ್ಟಿಗಳಲ್ಲಿ ಹೀಗಾಯಿತು; ಅವುಗಳ ತಲೆಯನ್ನೇ ಸ್ವಲ್ಪ ಉಜ್ಜಿ ತಗ್ಗಿಸಿ ಸರಿಮಾಡಿಕೊಂಡೆ.

ಬಣ್ಣಕ್ಕೆ ಹೆಚ್ಚು ಯೋಚಿಸಲಿಲ್ಲ. ನೀರಿನಲ್ಲಿ ಅರೆದ ಬಣ್ಣದ ಪುಡಿ, ಅಕ್ಕಿಹಿಟ್ಟಿನ ಅಂಟು, ಅಗಲ ಕುಂಚ. ಅಂಟು ಕಡಿಮೆಯಾದರೆ ಅಚ್ಚಿನಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ, ಹೆಚ್ಚಾದರೆ ಕುಂಚದ ಗೀರುಗಳು ಉಳಿಯುತ್ತವೆ. ರಾತ್ರಿಗೆ ಬರಿಯ ಮಸಿ ಬಳಸಿದಾಗ ಚಿತ್ರ ಸತ್ತಂತೆ ಕಂಡದ್ದರಿಂದ ಮಸಿಗೆ ಪ್ರಷಿಯನ್ ನೀಲಿಯನ್ನು ಬೆರೆಸಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಈ ಬಣ್ಣ 1830ರ ಸುಮಾರಿಗೆ ಜಪಾನಿನ ಅಚ್ಚುಗಳನ್ನು ತುಂಬಿಕೊಂಡಿತು. ಹೊಕುಸಾಯ್‌ನ ಪ್ರಸಿದ್ಧ ಅಲೆಯ ಅಚ್ಚಿನ ನೀಲಿಯೂ ಇದೇ. ಒಂದೇ ಸಲಕ್ಕೆ ಕಡುವಾಗಿ ಒತ್ತುವ ಬದಲು ನೀರಾಗಿಸಿದ ಅದೇ ಬಣ್ಣವನ್ನು ಮೂರು ಸಲ ಒಂದರ ಮೇಲೊಂದು ಒತ್ತಿದೆ. ಮೂರನೆಯ ಒತ್ತಿಗೆ ಕತ್ತಲು ಕಾಗದದ ಒಳಗಿನಿಂದ ಬಂದಂತೆ ಕಂಡಿತು.

ಸಂಪ್ರದಾಯದಲ್ಲಿ ಗೆರೆಯ ಹಲಗೆಯನ್ನು ಮೊದಲು ಒತ್ತುತ್ತಾರೆ. ನಾನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಸರಳುಗಳ ಅಂಚು ಎಲ್ಲಕ್ಕಿಂತ ಮೇಲೆ, ಹೊಸದಾಗಿ ಕುಳಿತಿರಬೇಕಿತ್ತು. ಇಪ್ಪತ್ತನಾಲ್ಕು ಹಾಳೆಗಳಿಗೂ ನಾಲ್ಕು ಬಣ್ಣ ಬಿದ್ದ ಮೇಲೆ ಗೆರೆಯ ಹಲಗೆಯನ್ನು ಕೈಗೆತ್ತಿಕೊಂಡೆ. ಅದರಲ್ಲಿ ಬೆಣೆಯೊಂದು ಇರುವುದು ಆಗ ನೆನಪಿನಲ್ಲಿಯೇ ಇರಲಿಲ್ಲ.

ಆ ಬೆಣೆ ಬಂದದ್ದು ಹೀಗೆ. ಜಾಲಂದರದ ಉದ್ದ ಸರಳುಗಳು ಮರದ ನಾರಿನ ದಿಕ್ಕಿನಲ್ಲಿಯೇ ಇದ್ದುದರಿಂದ ಗಟ್ಟಿಯಾಗಿ ನಿಂತಿದ್ದವು. ನಡುವಿನ ಒಂದೇ ಒಂದು ಅಡ್ಡಸರಳು ನಾರಿಗೆ ಅಡ್ಡಲಾಗಿತ್ತು. ಎರಡು ಮಿ.ಮೀ. ಅಗಲದ ಪ್ಲೈವುಡ್ ಪಟ್ಟಿಯನ್ನು ನಾರಿಗೆ ಅಡ್ಡಲಾಗಿ ನಿಲ್ಲಿಸಿದರೆ ಅದು ಮುರಿಯುತ್ತದೆಂದು ಕೆತ್ತುವ ಮುನ್ನವೇ ತಿಳಿಯಬೇಕಿತ್ತು. ಉಳಿ ಸ್ವಲ್ಪ ಜಾರಿದ್ದೇ ತಡ, 14 ಮಿ.ಮೀ. ಉದ್ದದ ತುಂಡು ಹಾರಿಹೋಯಿತು. ಆಗ ಆತುರದಲ್ಲಿ ಅದೇ ಪ್ಲೈವುಡ್ಡಿನ ಚೂರನ್ನು ಕೈಗೆ ಸಿಕ್ಕಿದ ಬಿಳಿ ಅಂಟಿನಿಂದ ಕೂರಿಸಿದ್ದೆ.

ಎರಡನೆಯ ಬೆಣೆಯನ್ನು ಆತುರವಿಲ್ಲದೆ ಮಾಡಿದೆ. ಮುರಿದ ಜಾಗದ ಸುತ್ತ 20 × 6 ಮಿ.ಮೀ. ಅಳತೆಯ, 4 ಮಿ.ಮೀ. ಆಳದ ಚೌಕಟ್ಟಾದ ಕುಳಿ ತೋಡಿ, ಅದರ ತಳವನ್ನು ಚಪ್ಪಟೆ ಉಳಿಯಿಂದ ಮಟ್ಟ ಮಾಡಿ, ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದೆ. ಅಂಟಿನ ಮೇಲೆ ಅಂಟು ಹಿಡಿಯುವುದಿಲ್ಲ. ಬೆಣೆಗೆ ಪ್ಲೈವುಡ್ ಬಿಟ್ಟು ಗಟ್ಟಿಮರದ ತುಂಡನ್ನು ಆರಿಸಿ, ಅದರ ನಾರು ಅಡ್ಡಸರಳಿನ ಉದ್ದಕ್ಕೆ ಓಡುವಂತೆ ತಿರುಗಿಸಿ ಕತ್ತರಿಸಿದೆ. ಸುತ್ತಲಿನ ಮರದ ನಾರಿಗೆ ಹೊಂದಿಸಿಯೇ ಬೆಣೆ ಹಾಕಬೇಕೆಂಬುದು ಸಾಮಾನ್ಯ ನಿಯಮ, ಏಕೆಂದರೆ ಮರ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬಹುದು. ಆದರೆ ಆರು ಮಿ.ಮೀ.ನಲ್ಲಿ ಆಗುವ ಹಿಗ್ಗುವಿಕೆ ಅತ್ಯಲ್ಪ. ಸರಳು ಮತ್ತೆ ಮುರಿಯುವ ಭಯ ಅದಕ್ಕಿಂತ ದೊಡ್ಡದು. ಬೆಣೆಯ ನಾಲ್ಕೂ ಬದಿಯನ್ನು ತಳದ ಕಡೆಗೆ ಸ್ವಲ್ಪ ಕಿರಿದಾಗಿಸಿ, ನೀರು ತಡೆಯುವ ಬಡಗಿಯ ಅಂಟು ಸವರಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದೆ. ಬದಿಗಳಲ್ಲಿ ಅಂಟು ಮಣಿಮಣಿಯಾಗಿ ಉಕ್ಕಿದಾಗ ಸಂದು ತುಂಬಿದೆಯೆಂದು ಖಾತ್ರಿಯಾಯಿತು. ಭಾರ ಹೇರಿ 24 ಗಂಟೆ ಬಿಟ್ಟೆ.

ಮಟ್ಟ ಮಾಡುವ ಮೊದಲು ಹಲಗೆಯನ್ನು ಒದ್ದೆ ಬಟ್ಟೆಯಿಂದ ಅರ್ಧ ಗಂಟೆ ಮುಚ್ಚಿಟ್ಟೆ. ಒಣಗಿದ್ದಾಗ ಮಟ್ಟ ಮಾಡಿದ ಬೆಣೆ ಅಚ್ಚಿನ ಹೊತ್ತಿಗೆ ನೀರು ಕುಡಿದು ತಲೆ ಎತ್ತುತ್ತದೆ. ಕೆಲಸ ನಡೆಯುವುದು ಒದ್ದೆಯಲ್ಲಿ, ಹೀಗಾಗಿ ಮಟ್ಟವೂ ಒದ್ದೆಯಲ್ಲಿಯೇ ಆಗಬೇಕು. ಉಗುರನ್ನು ಸಂದಿನ ಮೇಲೆ ಎಳೆದು ಎಲ್ಲೂ ತಡೆಯಲಿಲ್ಲವೆಂದಾದ ಮೇಲೆ ಸರಳನ್ನು ಹೊಸದಾಗಿ ಕೆತ್ತಿದೆ.

ಇದಕ್ಕೆಲ್ಲ ಹಿಡಿದದ್ದು ಎರಡೂವರೆ ದಿನ. ಆ ಹೊತ್ತಿಗೆ ಹನ್ನೊಂದು ಹಾಳೆಗಳಿಗೆ ಗೆರೆ ಬಿದ್ದಿತ್ತು, ಹದಿಮೂರು ಬಾಕಿಯಿದ್ದವು. ಈ ಕಾಗದ ಹಿಪ್ಪುನೇರಳೆ ಜಾತಿಯ ಗಿಡದ ನಾರಿನದು. ಮೊದಲ ಬಣ್ಣದಿಂದ ಕೊನೆಯ ಬಣ್ಣದವರೆಗೆ ಒಂದೇ ಹದದ ತೇವದಲ್ಲಿರಬೇಕು. ಬೂಷ್ಟು ಬಾರದಿರಲೆಂದು ಹದಿಮೂರನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಹೊರತೆಗೆದು ಮೊದಲನೆಯದಕ್ಕೆ ಗೆರೆ ಒತ್ತಿದಾಗ ಸರಳುಗಳು ಬೆಳಕಿನ ಪಟ್ಟಿಗಳಿಂದ ಜಾರಿದ್ದವು.

ಸಿಟ್ಟಿನಲ್ಲಿ ಗುರುತಿನ ಕಚ್ಚನ್ನು ತಿದ್ದಲು ಉಳಿ ಎತ್ತಿಕೊಂಡವಳು, ಮೊದಲು ಅಳೆದು ನೋಡೋಣವೆಂದು ತಡೆದೆ. ತಡೆದದ್ದು ಒಳ್ಳೆಯದಾಯಿತು. ಬಲಗಡೆ, ಕಗಿಯ ಬಳಿ, ಹೊಂದಾಣಿಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಡುವಿನಲ್ಲಿ ಅರ್ಧ ಮಿ.ಮೀ., ಎಡತುದಿಯಲ್ಲಿ ಪೂರ್ತಿ ಒಂದು ಮಿ.ಮೀ. ತಪ್ಪಿತ್ತು. ತಪ್ಪು ಹಾಳೆಯ ಎಲ್ಲ ಕಡೆಯೂ ಒಂದೇ ಅಳತೆಯಲ್ಲಿದ್ದರೆ ಗುರುತಿನ ಕಚ್ಚು ಸರಿಯಿಲ್ಲವೆಂದು ಅರ್ಥ. ಕಚ್ಚನ್ನು ಒಂದು ಕಡೆ ಕೆರೆದೋ, ಇನ್ನೊಂದು ಕಡೆ ಕಾಗದದ ಎಳೆ ಅಂಟಿಸಿಯೋ ಸರಿಪಡಿಸಬಹುದು. ಗುರುತಿನಿಂದ ದೂರ ಹೋದಂತೆ ತಪ್ಪು ಬೆಳೆಯುತ್ತಿದ್ದರೆ ಬದಲಾಗಿರುವುದು ಕಾಗದದ ಅಳತೆ. ನನ್ನ ಹಾಳೆಗಳು ಫ್ರಿಜ್ಜಿನಲ್ಲಿ ಒಣಗಿ ಕುಗ್ಗಿದ್ದವು. ಪ್ಲಾಸ್ಟಿಕ್ಕಿನ ಒಂದು ಮಡಿಕೆ ಬಿಚ್ಚಿಕೊಂಡಿತ್ತು. ಆಗ ಕಚ್ಚನ್ನು ಕೆರೆದಿದ್ದರೆ ಸರಿಯಿದ್ದ ಹಲಗೆಯನ್ನೂ ಕೆಡಿಸಿಕೊಳ್ಳುತ್ತಿದ್ದೆ.

ಉಳಿದ ಹನ್ನೆರಡನ್ನು ಒದ್ದೆ ಮಾಡಿದ ರದ್ದಿ ಕಾಗದಗಳ ನಡುವೆ ಒಂದೊಂದಾಗಿ ಪೇರಿಸಿ, ಮೇಲೆ ಹಲಗೆ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದು ಹಾಳೆಯ ಉದ್ದವನ್ನು, ಒಣಗಿಸದೆ ಮಾದರಿಗೆಂದು ಎತ್ತಿಟ್ಟಿದ್ದ ಪರೀಕ್ಷಾ ಹಾಳೆಯೊಂದಿಗೆ ಹೋಲಿಸಿದೆ, ಸರಿಹೊಂದಿತು. ಹನ್ನೆರಡರಲ್ಲಿ ಹತ್ತು ಸರಿಯಾಗಿ ಕುಳಿತವು. ಎರಡರಲ್ಲಿ ಅಂಟು ಹೆಚ್ಚಾಗಿ ರಾತ್ರಿಯ ಕಡುಬಣ್ಣ ಕಿತ್ತುಬಂದಿತು. ಮೊದಲಿನ ಹನ್ನೊಂದರಲ್ಲಿ ಕೊನೆಯದು ಬೆಣೆಯೊಂದಿಗೆ ಹೋಗಿದ್ದರಿಂದ, ಒಟ್ಟು ಇಪ್ಪತ್ತು ಪ್ರತಿಗಳು ಉಳಿದವು. ಬಾರೆನ್ನನ್ನು, ಅಂದರೆ ಕಾಗದದ ಬೆನ್ನನ್ನು ಉಜ್ಜುವ ಬಿಲ್ಲೆಯನ್ನು, ಬೆಣೆಯ ಮೇಲೆ ಹಾಯಿಸುವಾಗ ಪ್ರತಿ ಸಲವೂ ನನ್ನ ಕೈ ತಾನಾಗಿಯೇ ಹಗುರವಾಗುತ್ತಿತ್ತು. ಆ ಅಡ್ಡಸರಳು ಈ ಕೊನೆಯ ಹತ್ತೂ ಪ್ರತಿಗಳಲ್ಲಿ ಉಳಿದ ಸರಳುಗಳಿಗಿಂತ ಒಂದು ಛಾಯೆ ತೆಳುವಾಗಿದೆ. ಹೊರಗಿನವರಿಗೆ ಅದು ದೀಪದ ಕಡೆಗಿರುವ ಸರಳೆಂದು ಕಾಣಬಹುದು. ನನಗೆ ಅದು ಬೆಣೆಯೆಂದೇ ಕಾಣುತ್ತದೆ.

ಇನ್ನೊಂದು ವಿಷಯ ಉಳಿದಿದೆ. ಓಯಿಯ ಲಾಟೀನುಗಳನ್ನು ನೆನೆದು, ನನ್ನ ಚಿತ್ರದ ಲಾಟೀನಿನ ಮೇಲೂ ಹೆಸರಿನ ಮೊದಲ ಅಕ್ಷರವನ್ನು ಇಟ್ಟಿದ್ದೆ. ಅದು ನಾನು ಕಾಗದದ ಮೇಲೆ ಬರೆದ ಮೂಲ ಚಿತ್ರದಲ್ಲಿರಲಿಲ್ಲ. ಕೆತ್ತನೆ ಮುಗಿದ ರಾತ್ರಿ ಹೊಳೆದದ್ದು. ಕಾಗದ ಅಂಟಿಸಿ ಕೆತ್ತಿದ್ದೆಲ್ಲ ತಾನಾಗಿಯೇ ಕನ್ನಡಿಯಂತೆ ತಿರುಗಿಕೊಂಡಿರುತ್ತದೆ. ನೇರವಾಗಿ ಮರದ ಮೇಲೆ ಪೆನ್ಸಿಲಿನಿಂದ ಬರೆದದ್ದು ತಿರುಗುವುದಿಲ್ಲ. ಹೀಗೆ ಇಪ್ಪತ್ತೂ ಪ್ರತಿಗಳಲ್ಲಿ ಆ ಅಕ್ಷರ ತಿರುಗುಮುರುಗಾಗಿ ಮೂಡಿದೆ, ಮತ್ತು ನಾನದನ್ನು ಗಮನಿಸಿದ್ದು ಇಪ್ಪತ್ತನೆಯದನ್ನು ಒಣಗಲು ತೂಗುಹಾಕಿದ ಮೇಲೆ. ಹಲಗೆಯಲ್ಲಿ ಆ ಜಾಗಕ್ಕೆ ಐದು ಮಿ.ಮೀ. ಚೌಕದ ಬೆಣೆ ಸಾಕಾಗುತ್ತದೆ. ಅಂಟಿನ ಬಾಟಲಿ ಇನ್ನೂ ಮೇಜಿನ ಮೇಲೆಯೇ ಇದೆ.